ಸಂಘ ಢಾಕಾದಿಂದ ಬಂದಿಲ್ಲ

ಮೈಸೂರಿನ ನಜರ್‌ಬಾದಿನ ಮೈಲಾರಿ ಹೋಟೆಲಿನಲ್ಲಿ ಬೆಳಗಿನ ಹೊತ್ತು ಕೂರಲು ಜಾಗ ಸಿಗುವುದೇ ಪುಣ್ಯ. ಬೆಣ್ಣೆ ಹಾಕಿದ ಮೆತ್ತನೆಯ ದೋಸೆಗೆ ಕಾಯುವವರ ನಡುವೆ ಆಗಾಗ ಬೆನ್ನಿಗೆ ಚೀಲ ಏರಿಸಿದ ಪರದೇಶದ ಕಾಲೇಜು ಹುಡುಗ ಹುಡುಗಿಯರೂ ಕಾಣಸಿಗುತ್ತಾರೆ. ಸಾಮಾಜಿಕ ಉದ್ಯಮ ಎಂದರೇನು, ಹಳ್ಳಿ ಬದುಕು ಎಂದರೇನು ಎಂದು ಎರಡೇ ವಾರದಲ್ಲಿ ಕಲಿತು ಹೋಗಲು ಬಂದವರು. ಅವರನ್ನು ಕರೆತಂದವನು ದೋಸೆ ಬರುವಷ್ಟರಲ್ಲಿ ಕಥೆ ಮುಗಿಸಿರುತ್ತಾನೆ: ಬಾಂಗ್ಲಾದೇಶದ ಪ್ರೊಫೆಸರೊಬ್ಬರು ಬಡ ಹೆಂಗಸರಿಗೆ ಸಾಲ ಕೊಟ್ಟರು, ನೊಬೆಲ್ ಬಂತು, ಅದನ್ನು ನೋಡಿ ನಮ್ಮ ಹಳ್ಳಿಗಳಲ್ಲೂ ಮಹಿಳಾ ಸಂಘ ಶುರುವಾದವು.

ಮೊದಲೆರಡು ಮಾತು ನಿಜ. ಮೂರನೆಯದು ಬುರುಡೆ.

ಮುಹಮ್ಮದ್ ಯೂನುಸ್ ಅವರಿಗೂ ಅವರ ಗ್ರಾಮೀಣ ಬ್ಯಾಂಕಿಗೂ ನೊಬೆಲ್ ಶಾಂತಿ ಪುರಸ್ಕಾರ ಬಂದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಭಾರತದಲ್ಲಿ ಲಕ್ಷಾಂತರ ಸ್ವಸಹಾಯ ಸಂಘಗಳು ಬ್ಯಾಂಕಿನಲ್ಲಿ ಖಾತೆ ತೆರೆದು, ಸಾಲ ಪಡೆದು, ತೀರಿಸಿ, ಮತ್ತೆ ಪಡೆದಿದ್ದವು. ಅವುಗಳ ಬೇರು ಹುಡುಕಲು ಪದ್ಮಾ ನದಿ ದಾಟಬೇಕಿಲ್ಲ. ‘ಮೈರಾಡ’ ಎಂಬ ಹೆಸರನ್ನು ಬಿಡಿಸಿ ಓದಿದರೆ ಸಾಕು: ಮೈಸೂರು ರಿಸೆಟ್ಲ್‌ಮೆಂಟ್ ಆಂಡ್ ಡೆವಲಪ್‌ಮೆಂಟ್ ಏಜೆನ್ಸಿ. ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರಿದ್ದ 1968ರಲ್ಲಿ, ಟಿಬೆಟನ್ ನಿರಾಶ್ರಿತರಿಗೆ ಇಲ್ಲಿ ನೆಲೆ ಕಲ್ಪಿಸುವ ಕೆಲಸಕ್ಕಾಗಿ ಹುಟ್ಟಿದ ಸಂಸ್ಥೆ ಅದು. ಆಮೇಲೆ ಅದು ಸುತ್ತಲಿನ ಬಡ ಹಳ್ಳಿಗಳ ಕಡೆ ತಿರುಗಿತು. ಆ ಕಾಲದ ರೂಢಿಯಂತೆ ಅಲ್ಲೆಲ್ಲ ಸಹಕಾರ ಸಂಘ ಕಟ್ಟಲು ನೆರವಾಯಿತು.

ಆ ಸಹಕಾರ ಸಂಘಗಳು 1984-85ರ ಸುಮಾರಿಗೆ ಒಡೆದವು. ಕಾರಣ ಹೊಸದೇನಲ್ಲ. ನೂರಾರು ಸದಸ್ಯರು, ಆದರೆ ಕೀಲಿಕೈ ಒಬ್ಬಿಬ್ಬರ ಸೊಂಟದಲ್ಲಿ. ಸ್ವಾರಸ್ಯ ಇರುವುದು ಮುಂದೆ ನಡೆದದ್ದರಲ್ಲಿ. ಸಾಲ ಮಾಡಿದ್ದ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಬಳಿ ಬಂದು, ‘ದುಡ್ಡು ನಿಮಗೆ ಕೊಡ್ತೀವಿ, ಆ ಸೊಸೈಟಿಗೆ ಮಾತ್ರ ಕಟ್ಟಲ್ಲ’ ಎಂಬ ಧಾಟಿಯಲ್ಲಿ ನಿಂತರು. ಸಾಲ ಮುಳುಗಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾರಿಗೆ ಸಿಕ್ಕೀತು? ಅವರು ಮುಳುಗಿಸಲಿಲ್ಲ. ಕಾನೂನಿನ ಪ್ರಕಾರ ನೀವು ನಮಗೇನೂ ಕೊಡಬೇಕಾಗಿಲ್ಲ, ಆ ಹಣವನ್ನು ನಿಮ್ಮ ಗುಂಪಿನಲ್ಲೇ ಇಟ್ಟು ತಿರುಗಿಸಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಹಾಗೆ ಉಳಿದ ಗುಂಪುಗಳು 1986-87ರ ಹೊತ್ತಿಗೆ ಮುನ್ನೂರರಷ್ಟಾದವು. ಒಬ್ಬರನ್ನೊಬ್ಬರು ನಂಬುವವರು ತಾವಾಗಿಯೇ ಸೇರಿಕೊಂಡ ಗುಂಪುಗಳು. ಯಾರೂ ಪಟ್ಟಿ ಮಾಡಿ ಸೇರಿಸಿದ್ದಲ್ಲ.

ನಜರ್‌ಬಾದಿನವರಿಗೆ ಇದು ಬೇಗ ಅರ್ಥವಾಗಬೇಕು. ಟಿಪ್ಪು ಹಳೆಯ ಮೈಸೂರು ಕೋಟೆಯನ್ನು ಕೆಡವಿ ಆ ಕಲ್ಲುಗಳಿಂದ ಇಲ್ಲೊಂದು ಹೊಸ ಕೋಟೆ ಕಟ್ಟಿಸತೊಡಗಿದ. 1799ರಲ್ಲಿ ಅವನು ಮಡಿದ ಮೇಲೆ ಅವೇ ಕಲ್ಲುಗಳು ವಾಪಸು ಹೋಗಿ ಮೈಸೂರಿನ ಕೋಟೆಯಾದವು. ಮುನ್ನೂರು ಸಂಘಗಳೂ ಬಿದ್ದ ಕಟ್ಟಡದ ಕಲ್ಲಿನಿಂದಲೇ ಎದ್ದವು.

1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಹೊರಟಿತು. ನೋಂದಣಿಯಿಲ್ಲದ, ಅಡಮಾನಕ್ಕೆ ಏನೂ ಇಲ್ಲದ ಗುಂಪಿಗೆ ಬ್ಯಾಂಕು ಸಾಲ ಕೊಡುವುದು ಆಗ ಮ್ಯಾನೇಜರುಗಳಿಗೆ ಎದೆ ನಡುಗಿಸುವ ಮಾತಾಗಿತ್ತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ, ಇನ್ನೂ ತಡವಾಗಿ.

ಹೋಗಲಿ, ಯಾರು ಮೊದಲು ಎಂಬ ಜಗಳ ಇಷ್ಟಕ್ಕೇ ನಿಂತಿದ್ದರೆ ದೋಸೆಯ ಜೊತೆ ನುಂಗಿಕೊಳ್ಳಬಹುದಿತ್ತು. ಈ ತಪ್ಪು ತಿಳಿವಳಿಕೆ ಇನ್ನೊಂದನ್ನು ಹೆತ್ತಿದೆ: ಸಂಘವೂ ಮೈಕ್ರೋಫೈನಾನ್ಸ್ ಕಂಪನಿಯೂ ಒಂದೇ ಎಂಬುದು. ಅದಕ್ಕೆ ಕಾಲು ಭಾಗ ಹೊಣೆ ನಮ್ಮ ಮಾತಿನದೇ. ನಂಜನಗೂಡಿನ ಕಡೆ ‘ಸಂಘಕ್ಕೆ ಕಟ್ಟಬೇಕು’ ಎಂದು ಹೆಣ್ಣುಮಗಳೊಬ್ಬಳು ಹೇಳಿದರೆ ಅದು ಅವಳ ಸ್ವಂತ ಸ್ವಸಹಾಯ ಸಂಘವೂ ಇರಬಹುದು, ಬೈಕಿನಲ್ಲಿ ಬರುವ ಕಂಪನಿ ಹುಡುಗನ ಕಂತೂ ಇರಬಹುದು.

ಎರಡರ ಲೆಕ್ಕವೇ ಬೇರೆ. ಹದಿನೈದು ಹೆಂಗಸರು ವಾರಕ್ಕೆ 20 ರೂಪಾಯಿಯಂತೆ ಉಳಿಸಿದರು ಎನ್ನಿ. ವಾರಕ್ಕೆ 300, ವರ್ಷಕ್ಕೆ 15,600. ಅದರಲ್ಲಿ ಒಬ್ಬಳು ಮಗನ ಫೀಸಿಗೆ ಎರಡು ಸಾವಿರ ಎತ್ತುತ್ತಾಳೆ. ಬಡ್ಡಿ ಎಷ್ಟು ಎಂದು ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯುವವರು ಆ ಹದಿನೈದು ಮಂದಿಯೇ, ಬಡ್ಡಿ ಬಂದು ಬೀಳುವುದೂ ಅದೇ ಗಂಟಿಗೆ. ಕಂಪನಿಯದರಲ್ಲಿ ಉಳಿತಾಯದ ಮಾತೇ ಇಲ್ಲ. ಸಾಲವೇ ಮೊದಲು, ಬಡ್ಡಿ ಊರಾಚೆಗೆ. ಐದಾರು ಮಂದಿಯನ್ನು ಒಬ್ಬರಿಗೊಬ್ಬರು ಜಾಮೀನು ಮಾಡುವ ಈ ಕಂಪನಿ ಪದ್ಧತಿಗೆ ಮಾದರಿಯಾದದ್ದು ಗ್ರಾಮೀಣ ಬ್ಯಾಂಕಿನ ಐವರ ಗುಂಪು. ಅಂದರೆ ಢಾಕಾದ ನಂಟು ಇರುವುದು ಯಾವುದಕ್ಕೋ, ಅದನ್ನು ತಂದು ಗಂಟು ಹಾಕಿರುವುದು ಇನ್ಯಾವುದಕ್ಕೋ.

ಚಾಮರಾಜನಗರ, ಮೈಸೂರು ಜಿಲ್ಲೆಗಳ ಊರುಗಳಲ್ಲಿ ಕಂತಿನ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಹೊರಟವರ ಸುದ್ದಿ 2025ರ ಆರಂಭದಲ್ಲಿ ಪತ್ರಿಕೆಗಳ ತುಂಬ ಇತ್ತು. ಬಲವಂತದ ವಸೂಲಿ ತಡೆಯಲು ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಆಗ ಪಟ್ಟಣದವರ ಬಾಯಲ್ಲಿ ಬಂದ ಮಾತು, ‘ಈ ಸಂಘಗಳೆಲ್ಲ ಮುಚ್ಚಬೇಕು’. ಕಳ್ಳನನ್ನು ಬಿಟ್ಟು ಅವನದೇ ಹೆಸರಿನ ಇನ್ನೊಬ್ಬನನ್ನು ಹಿಡಿದ ಹಾಗೆ. ಹಾಗಂತ ಸಂಘಗಳೇನೂ ತುಳಸಿಕಟ್ಟೆಯಷ್ಟು ಪವಿತ್ರವಲ್ಲ. ಅಧ್ಯಕ್ಷೆಯ ನಾದಿನಿಗೇ ಮೊದಲ ಸಾಲ, ಲೆಕ್ಕವೆಲ್ಲ ಎಸ್ಸೆಸ್ಸೆಲ್ಸಿ ಓದಿದ ಒಬ್ಬಳೇ ಹುಡುಗಿಯ ಕೈಯಲ್ಲಿ, ಸಂಘದ ಕಂತು ಕಟ್ಟಲು ಕಂಪನಿಯಲ್ಲಿ ಸಾಲ: ಎಲ್ಲವೂ ಉಂಟು. ಆದರೆ ಆ ರೋಗಕ್ಕೆ ಮದ್ದು ಬೇರೆ.

ಇನ್ನುಳಿದ ನಂಬಿಕೆಗಳಿಗೆ ಇಷ್ಟು ಜಾಗ ದಂಡ. ಸಾಮಾಜಿಕ ಉದ್ಯಮ ನಿನ್ನೆ ಮೊನ್ನೆಯದು ಎನ್ನುವವರು ಗದಗಿನ ಬಳಿಯ ಕಣಗಿನಹಾಳಕ್ಕೆ ಹೋಗಿಬರಲಿ. ಸಿದ್ಧನಗೌಡ ಪಾಟೀಲರ ಸಹಕಾರ ಸಂಘ ಅಲ್ಲಿ 1905ರಲ್ಲೇ ಹುಟ್ಟಿತ್ತು. ಬಡವರು ಸೋಲಾರ್‌ಗೆಲ್ಲ ದುಡ್ಡು ಕೊಡುವುದಿಲ್ಲ ಎಂಬ ಮಾತಿಗೆ 1995ರಿಂದ ಹರೀಶ್ ಹಂದೆಯವರ ಸೆಲ್ಕೊ ಉತ್ತರ ಕೊಡುತ್ತಲೇ ಇದೆ. ಕೈಮಗ್ಗ ಸತ್ತಿತು ಎನ್ನುವವರು ಸಾಗರದ ಭೀಮನಕೋಣೆಯ ‘ಚರಕ’ದ ಹೆಂಗಸರನ್ನು ಮಾತಾಡಿಸಿಲ್ಲ. ಹಳ್ಳಿಯೆಂದರೆ ಬರೀ ಬೇಸಾಯ ಎಂಬುವವರಿಗೆ, ಡೇರಿಗೆ ಹಾಲು ಹಾಕಿ ಅದೇ ಉಸಿರಿನಲ್ಲಿ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಕ್ಕಳು ಕಣ್ಣಿಗೇ ಬಿದ್ದಿಲ್ಲ.

ಬೇಸರ ಇರುವುದು ಪರದೇಶದ ಹುಡುಗರ ಮೇಲಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಅಷ್ಟೆ. ನಮ್ಮವರಿಗೇ ಒಂದು ಸಂಗತಿ ಹೊರಗಿನ ಮುದ್ರೆ ಒತ್ತಿಸಿಕೊಂಡು ಬಂದರೆ ಮಾತ್ರ ರುಚಿ. ಯೋಗಕ್ಕೂ ಅದೇ ಗತಿ, ರಾಗಿಗೂ ಅದೇ ಗತಿ. ಮುದ್ದೆ ನುಂಗಿ ಬೆಳೆದವರು ಈಗ ರಾಗಿ ಕುಕ್ಕೀಸಿನ ಡಬ್ಬಿಯ ಮೇಲಿನ ಇಂಗ್ಲಿಷ್ ಓದಿ ಅದರ ಗುಣ ತಿಳಿಯುತ್ತಿದ್ದಾರೆ. ನಜರ್‌ಬಾದಿನ ಮಿನಿ ವಿಧಾನಸೌಧದ ಮುಂದೆ ಪಹಣಿಗೋ ಪಿಂಚಣಿಗೋ ಕಾದು ನಿಂತ ಹೆಂಗಸರಲ್ಲಿ ಯಾರನ್ನಾದರೂ ‘ಅಕ್ಕಾ, ನಿಮ್ಮ ಸಂಘದ ಬಡ್ಡಿ ಯಾರಿಗೆ ಹೋಗ್ತದೆ?’ ಎಂದು ಕೇಳಿದರೆ ಎರಡು ವಾರದ ಪಾಠ ಐದು ನಿಮಿಷದಲ್ಲಿ ಆಗುತ್ತದೆ. ಹೋಟೆಲಿನಿಂದ ಅಲ್ಲಿಗೆ ನಡೆದೇ ಹೋಗಬಹುದು.

ಆದರೆ ವ್ಯಾನಿಗೆ ಹೊತ್ತಾಗಿರುತ್ತದೆ. ಭಾನುವಾರವಾದರೆ ಅದು ಹುಣಸೂರು ದಾಟಿ ಬೈಲಕುಪ್ಪೆಯ ಚಿನ್ನದ ದೇವಾಲಯಕ್ಕೆ ಹೊರಡುತ್ತದೆ. ಕಿಟಕಿಯಾಚೆ ಟಿಬೆಟನ್ನರ ಮುಸುಕಿನ ಜೋಳದ ಹೊಲಗಳು ಸಾಲಾಗಿ ಹಿಂದಕ್ಕೆ ಸರಿಯುತ್ತಿರುತ್ತವೆ; ಒಳಗೆ ಮಾರ್ಗದರ್ಶಿ ಇನ್ನೂ ಢಾಕಾದಲ್ಲೇ ಇರುತ್ತಾನೆ.