ಗಣಿತದ ಮೆಟ್ಟಿಲು

ಮಕ್ಕಳನ್ನು ಮೊದಲ ಬಾರಿಗೆ ವಸತಿಶಾಲೆಗೆ ಕಳುಹಿಸುವ ಮನೆಯಲ್ಲಿ ಬೇಸಗೆಯ ಕೊನೆಯ ವಾರಗಳು ಹೇಗೆ ಕಳೆಯುವುವೆಂಬುದನ್ನು ಅನುಭವಿಸಿದವರೇ ಬಲ್ಲರು. ಬಟ್ಟೆಬರೆಗಳನ್ನು ಹೊಂದಿಸುವುದು, ಹೊದಿಕೆಗಳಿಗೆ ಹೆಸರು ಹೊಲಿಯುವುದು, ಬುದ್ಧಿವಾದ ಹೇಳುವುದು ಇವೆಲ್ಲ ಎಲ್ಲೆಡೆಯೂ ಒಂದೇ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ವಸತಿಶಾಲೆಗಳಿಗೆ ಹೊರಟ ಮಕ್ಕಳಿಗೆ ಇದೇ ಕಾಲದಲ್ಲಿ ಮತ್ತೊಂದು ಚಿಂತೆ ಒದಗುತ್ತದೆ. ಪ್ರವೇಶ ದೊರೆತ ಮೇಲೆ ಶಾಲೆಯವರು ಗಣಿತದ ಒಂದು ಪ್ರಶ್ನೆಪತ್ರಿಕೆಯನ್ನು ಕಳುಹಿಸುತ್ತಾರೆ. ಅದರ ಉತ್ತರಗಳನ್ನು ನೋಡಿ, ಹುಡುಗನು ಯಾವ ಗಣಿತ ತರಗತಿಯಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ನಿರ್ಧರಿಸುತ್ತಾರೆ. ಸೇರುವ ಶಾಲೆ ಗೊತ್ತಾದ ಮೇಲೂ ಕೂರುವ ಸ್ಥಳ ಗೊತ್ತಿಲ್ಲದ ಈ ಸ್ಥಿತಿಯೇ ಕಳವಳಕ್ಕೆ ಕಾರಣ.

ನಮ್ಮ ಓದುಗರಿಗೆ ಈ ಪದ್ಧತಿ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೆಲ್ಲರಿಗೂ ಒಂದೇ ಗಣಿತ. ಬೀಜಗಣಿತವೂ ರೇಖಾಗಣಿತವೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕದ ಅಧ್ಯಾಯಗಳಾಗಿ ಬರುವುವು. ಅಮೆರಿಕದಲ್ಲಾದರೋ ಇವು ಸಾಮಾನ್ಯವಾಗಿ ಬೇರೆಬೇರೆ ವರ್ಷಗಳ ಪಾಠಗಳು. ಮೊದಲನೆಯ ಬೀಜಗಣಿತ, ರೇಖಾಗಣಿತ, ಎರಡನೆಯ ಬೀಜಗಣಿತ, ಕಲನಶಾಸ್ತ್ರಕ್ಕೆ ಸಿದ್ಧಪಡಿಸುವ ಪಾಠ, ಕೊನೆಗೆ ಕಲನಶಾಸ್ತ್ರ, ಹೀಗೆ ಮೆಟ್ಟಿಲಿನ ಮೇಲೆ ಮೆಟ್ಟಿಲು. ಒಂದೇ ವಯಸ್ಸಿನ ಇಬ್ಬರು ಬೇರೆಬೇರೆ ಮೆಟ್ಟಿಲುಗಳ ಮೇಲೆ ನಿಂತಿರುವುದು ಅಲ್ಲಿ ಸಾಮಾನ್ಯ ಸಂಗತಿ.

ಹುಡುಗರ ಚಿಂತೆ ಕೇವಲ ಹುಸಿಯೆಂದು ನಾವು ಹೇಳಲಾರೆವು. ಒಂಬತ್ತನೆಯ ತರಗತಿಯಲ್ಲಿ ಮೊದಲನೆಯ ಬೀಜಗಣಿತದಿಂದ ಹೊರಟವನು ವರ್ಷಕ್ಕೊಂದು ಮೆಟ್ಟಿಲಿನಂತೆ ಏರಿದರೆ ಹನ್ನೆರಡನೆಯ ತರಗತಿಯಲ್ಲಿ ಕಲನಶಾಸ್ತ್ರದ ಬಾಗಿಲಿಗೆ ಬಂದು ನಿಲ್ಲುವನು. ರೇಖಾಗಣಿತದಿಂದ ಹೊರಟವನು ಅದೇ ವರ್ಷ ಒಳಗೆ ಹೋಗುವನು. ಮುಂದೆ ಎಂಜಿನಿಯರಿಂಗನ್ನು ಓದಬೇಕೆಂಬ ಹುಡುಗಿಗೆ ಈ ಒಂದು ವರ್ಷ ದೊಡ್ಡದಾಗಿ ಕಾಣುವುದು ಸಹಜ. ಹೊಸ ಗೆಳೆಯರ ಮುಂದೆ ತಾನು ಕೆಳಗಿನವನೆನಿಸಿಕೊಂಡೇನೆಂಬ ಸಂಕೋಚವೂ ಇದರೊಡನೆ ಸೇರುತ್ತದೆ. ಆದುದರಿಂದ ಈ ಪರೀಕ್ಷೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ವಿಚಾರಿಸಿ ನೋಡುವುದು ಒಳ್ಳೆಯದು.

ಮರೆತದ್ದು ಹೋದದ್ದಲ್ಲ

ಪ್ರಶ್ನೆಪತ್ರಿಕೆಯನ್ನು ಬಿಡಿಸಿದ ಮಗುವಿನ ಮೊದಲ ಮಾತು "ಎಲ್ಲ ಮರೆತುಹೋಗಿದೆ" ಎಂಬುದು. ಎರಡು ತಿಂಗಳ ರಜೆಯ ಬಳಿಕ ಇದು ಅಚ್ಚರಿಯಲ್ಲ. ಆದರೆ ಮರೆವೆಂದರೆ ಅಳಿಸಿಹೋಗುವುದೆಂದು ತಿಳಿಯಬಾರದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ೧೮೮೫ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧವಾಗಿವೆ. ಆತನು ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲವು ಕಾಲದ ಅನಂತರ ಅವನ್ನೇ ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂಬುದನ್ನು ಲೆಕ್ಕಹಾಕಿದನು. ಒಂದು ದಿನದ ಬಳಿಕ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತಿತ್ತು. ಒಂದು ತಿಂಗಳ ಬಳಿಕವೂ ಸುಮಾರು ಐದನೆಯ ಒಂದು ಪಾಲು ಉಳಿಯುತ್ತಿತ್ತು. ಅರ್ಥವೇ ಇಲ್ಲದ ಅಕ್ಷರಗಳ ಗತಿ ಇದಾದರೆ, ಅರ್ಥಮಾಡಿಕೊಂಡು ಕಲಿತ ಗಣಿತದ ಮಾತೇನು? ಮೇಲಕ್ಕೆ ಕಾಣದೆ ಹೋದರೂ ಒಳಗೆ ತೇವ ಉಳಿದಿರುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಹಳೆಯ ಲೆಕ್ಕಗಳನ್ನು ಮಾಡಿದರೆ ಒರತೆ ಮತ್ತೆ ಕಾಣಿಸಿಕೊಳ್ಳುವುದು.

ನಮ್ಮ ದೇಶದಿಂದ ಹೋಗುವ ಮಕ್ಕಳಿಗೆ ಇನ್ನೊಂದು ತೊಡಕುಂಟು. ಕನ್ನಡ ಪುಸ್ತಕದಲ್ಲಿ 'ಕರಣಿ'ಯೆಂದೂ ನಮ್ಮ ಇಂಗ್ಲಿಷ್ ಪುಸ್ತಕದಲ್ಲಿ 'ಸರ್ಡ್' ಎಂದೂ ಕಲಿತದ್ದನ್ನು ಅಲ್ಲಿ 'ರ‍್ಯಾಡಿಕಲ್' ಎನ್ನುತ್ತಾರೆ. ಹೆಸರು ತಿಳಿಯದ್ದರಿಂದ ವಿಷಯವೇ ತಿಳಿಯದೆಂದು ಮಗು ಭ್ರಮಿಸುತ್ತದೆ.

ಕಳವಳದ ಭಾರ

ಗಣಿತದ ಮುಂದೆ ಎದೆ ಹಾರುವುದು ಒಬ್ಬಿಬ್ಬರ ದೌರ್ಬಲ್ಯವಲ್ಲ. ಅಮೆರಿಕದ ಡ್ರೆಗರ್ ಮತ್ತು ಐಕೆನ್ ಎಂಬ ಮನಶ್ಶಾಸ್ತ್ರಜ್ಞರು ೧೯೫೭ರಲ್ಲಿಯೇ ಇದನ್ನು 'ಅಂಕಿಗಳ ಕಳವಳ'ವೆಂದು ಬೇರೆಯಾಗಿ ಗುರುತಿಸಿ ಬರೆದರು. ೨೦೧೨ರಲ್ಲಿ ನಡೆದ 'ಪೀಸಾ' ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ, ಆರ್ಥಿಕ ಸಹಕಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳ ೧೫ ವರ್ಷದ ಮಕ್ಕಳಲ್ಲಿ ೧೦೦ಕ್ಕೆ ಸುಮಾರು ೫೯ ಮಂದಿ, ಗಣಿತದ ತರಗತಿ ತಮಗೆ ಕಷ್ಟವಾದೀತೆಂದು ಅನೇಕ ವೇಳೆ ಚಿಂತಿಸುವುದಾಗಿ ಹೇಳಿದರು. ತಾನೊಬ್ಬನೇ ಹೆದರಿದವನೆಂದು ತಿಳಿದ ಹುಡುಗನ ಪಕ್ಕದಲ್ಲಿಯೇ ಹೆದರಿದ ಇನ್ನೊಬ್ಬನಿರುತ್ತಾನೆ.

ಈ ಕಳವಳ ಕೆಲಸಮಾಡುವ ಬಗೆಯೂ ತಿಳಿದುಬಂದಿದೆ. ೨೭ಕ್ಕೆ ೧೮ನ್ನು ಬಾಯಲ್ಲೇ ಕೂಡಬೇಕೆನ್ನಿ. ಏಳೂ ಎಂಟೂ ಹದಿನೈದು. ಐದನ್ನು ಇಟ್ಟು ಒಂದು ದಶಕವನ್ನು ಮನಸ್ಸಿನಲ್ಲಿ ಹಿಡಿದಿರಬೇಕು. ಹೀಗೆ ಕ್ಷಣಕಾಲ ಹಿಡಿದಿಡುವ ಸ್ಥಳಕ್ಕೆ 'ಕಾರ್ಯಸ್ಮೃತಿ' ಎಂದು ಹೆಸರು. ಅದು ಬಹು ಇಕ್ಕಟ್ಟಾದುದು. ಆಷ್‌ಕ್ರಾಫ್ಟ್ ಮತ್ತು ಕರ್ಕ್ ಎಂಬವರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಅಕ್ಷರಗಳನ್ನು ನೆನಪಿನಲ್ಲಿಟ್ಟುಕೊಂಡೇ ಇಂಥ ದಶಕದ ಕೂಡುಲೆಕ್ಕಗಳನ್ನು ಮಾಡುವಂತೆ ಜನರಿಗೆ ಹೇಳಿದರು. ಹೊರೆ ಹೆಚ್ಚಾದಂತೆ ಎಲ್ಲರ ತಪ್ಪುಗಳೂ ಹೆಚ್ಚಿದುವು. ಗಣಿತಕ್ಕೆ ಹೆದರುವವರ ತಪ್ಪುಗಳಂತೂ ಬಹಳವಾಗಿ ಹೆಚ್ಚಿದುವು. ಭಯವೇ ಆ ಇಕ್ಕಟ್ಟಾದ ಸ್ಥಳವನ್ನು ಆಕ್ರಮಿಸಿಕೊಂಡಿರುವುದರಿಂದ ದಶಕಕ್ಕೆ ಎಡೆಯಿಲ್ಲವಾಗುತ್ತದೆಂಬುದು ಅವರ ವಿವರಣೆ. ಆದುದರಿಂದ ಹೆದರಿ ಬರೆದ ಉತ್ತರವು ಹುಡುಗನ ತಿಳಿವಳಿಕೆಯ ಪೂರ್ಣ ಅಳತೆಯಲ್ಲ.

ಅಳತೆಗೋಲಿನ ಅಳತೆ

ಹೆದರಿಕೆಯೇ ಇಲ್ಲದಿದ್ದರೂ ಪರೀಕ್ಷೆ ಕರಾರುವಾಕ್ಕಾದ ಅಳತೆಗೋಲಲ್ಲ. ಒಂದು ಪತ್ರಿಕೆಯಲ್ಲಿ ಸಮಾನ ಕಷ್ಟದ, ಒಂದನ್ನೊಂದು ಅವಲಂಬಿಸದ ೩೦ ಪ್ರಶ್ನೆಗಳಿವೆಯೆನ್ನೋಣ. ಯಾವ ಪ್ರಶ್ನೆ ಬಂದರೂ ೧೦ರಲ್ಲಿ ೭ ಸಲ ಸರಿಯಾಗಿ ಉತ್ತರಿಸಬಲ್ಲ ಹುಡುಗಿಗೆ ಸರಾಸರಿಯಲ್ಲಿ ೨೧ ಅಂಕ ಬರಬೇಕು. ಆದರೆ ಪ್ರತಿಸಲವೂ ೨೧ ಬರುವುದಿಲ್ಲ. ಸಂಭವನೀಯತೆಯ ನಿಯಮದಂತೆ ೩೦, ೦.೭, ೦.೩ ಇವನ್ನು ಗುಣಿಸಿದರೆ ೬.೩, ಅದರ ವರ್ಗಮೂಲ ಸುಮಾರು ೨.೫. ಇದೇ ಅಂಕಗಳ ಸಾಮಾನ್ಯ ತೂಗಾಟ. ಇಂಥ ೧೦ ಪತ್ರಿಕೆಗಳನ್ನು ಬರೆದರೆ ಸುಮಾರು ೩ ಸಲ ಆಕೆಗೆ ೧೮ ಅಥವಾ ಕಡಿಮೆ, ಇಲ್ಲವೆ ೨೪ ಅಥವಾ ಹೆಚ್ಚು ಬರುವ ಸಂಭವವುಂಟು. ಮೇಲಿನ ತರಗತಿಗೆ ೨೧ ಬೇಕೆಂದು ಗೆರೆ ಎಳೆದಿದ್ದರೆ, ತಿಳಿವಳಿಕೆ ಒಂದೇ ಆಗಿದ್ದರೂ ಆಕೆ ಒಂದು ದಿನ ಗೆರೆಯ ಈಚೆಗೂ ಮತ್ತೊಂದು ದಿನ ಆಚೆಗೂ ಬೀಳುವಳು. ಇದನ್ನು ಬಲ್ಲ ಉಪಾಧ್ಯಾಯರು ಅಂಕವೊಂದನ್ನೇ ನೆಚ್ಚದೆ, ಹಿಂದೆ ಓದಿದ ಪಾಠಗಳ ಪಟ್ಟಿಯನ್ನೂ ಕೇಳಿ, ಮೊದಲ ಕೆಲವು ವಾರಗಳಲ್ಲಿ ತರಗತಿಯನ್ನು ಬದಲಿಸಲು ಅವಕಾಶವಿಡುತ್ತಾರೆ.

ನಾವು ಮಾಡಿದ ತಪ್ಪು

ಇಷ್ಟನ್ನು ಬರೆಯುತ್ತಿರುವ ನಾವೇ ಒಮ್ಮೆ ಇದನ್ನೆಲ್ಲ ಮರೆತು ನಡೆದೆವು. ನಮ್ಮ ಬಂಧುಗಳ ಮಗನೊಬ್ಬನು ಮೈಸೂರಿನಲ್ಲಿ ಒಂಬತ್ತನೆಯ ತರಗತಿಯನ್ನು ಮುಗಿಸಿ, ತಂದೆಯ ಉದ್ಯೋಗದ ನಿಮಿತ್ತ ಅಮೆರಿಕಕ್ಕೆ ಹೋಗಿ, ಅಲ್ಲಿ ಹತ್ತನೆಯ ತರಗತಿಗೆ ವಸತಿಶಾಲೆಯೊಂದನ್ನು ಸೇರುವುದರಲ್ಲಿದ್ದನು. ಆಗ ನಾವು ಅವರ ಮನೆಯಲ್ಲಿ ಅತಿಥಿಗಳು. ಪತ್ರಿಕೆಯನ್ನು ಮನೆಯಲ್ಲಿಯೇ, ಯಾರ ನೆರವೂ ಇಲ್ಲದೆ ಬರೆಯತಕ್ಕದ್ದೆಂದು ಮೇಲೆಯೇ ಮುದ್ರಿಸಿತ್ತು. ವರ್ಗಸಮೀಕರಣಗಳು ನಮ್ಮಲ್ಲಿ ಹತ್ತನೆಯ ತರಗತಿಯ ಪಾಠ. ಹುಡುಗನು ಅವನ್ನು ಕಂಡಿರಲಿಲ್ಲ. ಆತನ ಬಾಡಿದ ಮುಖವನ್ನು ನೋಡಲಾರದೆ ನಾವು ಪಕ್ಕದಲ್ಲಿ ಕುಳಿತು ಒಂದಕ್ಕೆ ದಾರಿ ತೋರಿಸಿದೆವು, ಬಳಿಕ ಇನ್ನೊಂದಕ್ಕೆ. ಕೊನೆಗೆ ನಾಲ್ಕೈದು ಉತ್ತರಗಳು ನಮ್ಮವೇ ಆದುವು.

ಅವನಿಗೆ ಎರಡನೆಯ ಬೀಜಗಣಿತ ದೊರೆಯಿತು. ಮನೆಯಲ್ಲಿ ಪಾಯಸವಾಯಿತು. ಅಕ್ಟೋಬರಿನ ಹೊತ್ತಿಗೆ ಹುಡುಗನು ರಾತ್ರಿ ನಿದ್ರೆಯಿಲ್ಲದೆ ತಾಯಿಗೆ ಫೋನು ಮಾಡತೊಡಗಿದನು. ವರ್ಗಸಮೀಕರಣಗಳು ಎಲ್ಲರಿಗೂ ಬರುವುವೆಂದೇ ತಿಳಿದು ಪಾಠ ಮುಂದೆ ಸಾಗಿತ್ತು. ಗೊತ್ತಿಲ್ಲವೆನ್ನಲು ಅವನಿಗೆ ಬಾಯಿಲ್ಲ, ಏಕೆಂದರೆ ಗೊತ್ತಿದೆಯೆಂದು ಅವನ ಪತ್ರಿಕೆಯೇ ಹೇಳಿತ್ತು. ನೆರವು ಕೇಳುವ ದಾರಿಯನ್ನು ನಮ್ಮ ಕೈಯಾರೆ ನಾವು ಮುಚ್ಚಿದ್ದೆವು. ಕೊನೆಗೆ ಅವನೇ ಧೈರ್ಯಮಾಡಿ ಉಪಾಧ್ಯಾಯರಿಗೆ ಇದ್ದುದನ್ನು ಇದ್ದಹಾಗೆ ಹೇಳಿದನು. ಅವರು ಸಿಟ್ಟಾಗಲಿಲ್ಲವಂತೆ. ಅವನನ್ನು ಆ ಪಾಠಗಳು ಮೊದಲಿನಿಂದ ನಡೆಯುವ ತರಗತಿಗೆ ಬದಲಾಯಿಸಿದರು. ಅಲ್ಲಿ ಮೊದಲ ವಾರದಲ್ಲಿಯೇ ಅವನು ಕೈಯೆತ್ತಿ ಪ್ರಶ್ನೆ ಕೇಳಿದನೆಂದು ತಾಯಿಗೆ ಬರೆದನು.

ಈ ಕೈಯೆತ್ತುವಿಕೆಯ ಬೆಲೆ ಅಲ್ಲಿನ ಶಾಲೆಗಳಲ್ಲಿ ಬಹು ದೊಡ್ಡದು. ೧೭೮೧ರಲ್ಲಿ ಸ್ಥಾಪಿತವಾದ ನ್ಯೂ ಹ್ಯಾಂಪ್‌ಷೈರಿನ ಫಿಲಿಪ್ಸ್ ಎಕ್ಸಿಟರ್ ಅಕಾಡೆಮಿಯಲ್ಲಿ, ೧೯೩೦ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ದಾನಿ ನೀಡಿದ ಹಣದಿಂದ ಒಂದು ಹೊಸ ಪದ್ಧತಿ ಬಂದಿತು. ಹನ್ನೆರಡು ಮಂದಿಯಷ್ಟು ವಿದ್ಯಾರ್ಥಿಗಳು ಉಪಾಧ್ಯಾಯರೊಡನೆ ಒಂದು ಮೊಟ್ಟೆಯಾಕಾರದ ಮೇಜಿನ ಸುತ್ತ ಕುಳಿತು ಚರ್ಚಿಸುವರು. ಗಣಿತಕ್ಕೂ ಇದೇ ಕ್ರಮ; ಶಾಲೆಯವರೇ ರಚಿಸಿದ ಲೆಕ್ಕಗಳನ್ನು ಮಕ್ಕಳು ಮಾಡಿ ತಂದು ಒಬ್ಬರಿಗೊಬ್ಬರು ವಿವರಿಸಬೇಕು. ಇಂಥ ಮೇಜಿನ ಬಳಿ ಎರವಲು ತಂದ ಉತ್ತರ ಹೆಚ್ಚು ಹೊತ್ತು ನಿಲ್ಲದು.

ಆದುದರಿಂದ ನಮ್ಮ ಓದುಗರಲ್ಲಿ ಯಾರ ಮನೆಗಾದರೂ ಅಂಥ ಪ್ರಶ್ನೆಪತ್ರಿಕೆ ಬಂದರೆ, ಮೊದಲು ಕೆಲವು ವಾರ ಹಳೆಯ ಪುಸ್ತಕವನ್ನು ತೆಗೆಸಿ. ಅಲ್ಲಿನ ಹೆಸರುಗಳನ್ನೂ ಇಲ್ಲಿನ ಹೆಸರುಗಳನ್ನೂ ಮಗು ಒಂದು ಹಾಳೆಯಲ್ಲಿ ಜೊತೆಜೊತೆಯಾಗಿ ಬರೆದುಕೊಳ್ಳಲಿ. ಪರೀಕ್ಷೆಯ ದಿನ ಮಗುವನ್ನು ಒಂದು ಕೋಣೆಯಲ್ಲಿ ಕೂರಿಸಿ, ಹಿರಿಯರು ಬೇರೆ ಕೋಣೆಗೆ ಹೋಗಲಿ. ಓದದ ಪಾಠದ ಮುಂದೆ "ಇದನ್ನು ನನಗೆ ಕಲಿಸಿಲ್ಲ" ಎಂದು ಬರೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಉಪಾಧ್ಯಾಯರಿಗೆ ಬೇಕಾದ ಉತ್ತರವೂ ಅದೇ. ಚಪ್ಪಲಿಗೆ ಅಳತೆ ಕೊಡುವಾಗ ಪಾದವನ್ನು ಉದ್ದಮಾಡಿ ತೋರಿಸಿದವನು ನಡೆಯುವಾಗ ಎಡವುತ್ತಾನೆ. ಬೇಸಗೆ ಮುಗಿದು ಮಗು ಹೊರಟಾಗ ಪೆಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಕಳವಳ ಉಳಿದಿರಬಹುದು. ಇರಲಿ, ಅಳತೆ ಸರಿಯಾಗಿದ್ದರೆ ಮೊದಲ ತಿಂಗಳಲ್ಲಿಯೇ ಅದು ಬಹುಮಟ್ಟಿಗೆ ಕರಗುವುದೆಂದು ಆ ಹುಡುಗನಿಂದ ನಾವು ಕಲಿತಿದ್ದೇವೆ.