ಅಂಗುಲದ ಯೋಧನಿಗೆ ಬಣ್ಣದ ಬೆಳಕು

ಮೇಜಿನ ಮೇಲೆ ಗುಡ್ಡ, ಕಾಡು, ಪಾಳುಗೋಡೆಗಳ ಮಾದರಿಗಳನ್ನು ಹರಡಿ, ಅವುಗಳ ನಡುವೆ ಅಂಗುಲದೆತ್ತರದ ಸೈನಿಕರನ್ನು ನಿಲ್ಲಿಸಿ, ಅವರು ಸಾಗುವ ದೂರವನ್ನು ಅಳತೆಪಟ್ಟಿಯಿಂದಲೂ ಹೊಡೆತದ ಫಲವನ್ನು ದಾಳದಿಂದಲೂ ನಿರ್ಣಯಿಸುವ ಆಟಕ್ಕೆ ವಾರ್‌ಗೇಮ್ ಎಂದು ಹೆಸರು. ಅದರಲ್ಲಿ ಬಳಸುವ ಪುಟ್ಟ ಪ್ರತಿಮೆಗಳನ್ನು ಮಿನಿಯೇಚರ್ ಎನ್ನುತ್ತಾರೆ. ಚದುರಂಗದ ಕಾಯಿಗಳಂತೆ ಇವು ಸಿದ್ಧರೂಪದಲ್ಲಿ ಬರುವುದಿಲ್ಲ. ಬಹುಪಾಲು ಪ್ರತಿಮೆಗಳು ಬಣ್ಣವಿಲ್ಲದೆ, ಕೈ, ತಲೆ, ಆಯುಧಗಳು ಬೇರೆ ಬೇರೆಯಾಗಿ, ಬೂದು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳಾಗಿ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತವೆ. ಅವನ್ನು ಜೋಡಿಸಿ ಬಣ್ಣ ಹಚ್ಚುವ ಹೊಣೆ ಕೊಂಡವರದು. ಆಟಕ್ಕಿಂತ ಈ ಕೆಲಸವೇ ಹೆಚ್ಚು ಗಂಟೆಗಳನ್ನು ಬೇಡುವುದರಿಂದ, ದಾಳವನ್ನು ಮುಟ್ಟದೆ ಬಣ್ಣಗಾರಿಕೆಯನ್ನಷ್ಟೇ ಹವ್ಯಾಸವಾಗಿ ನೆಚ್ಚಿಕೊಂಡವರೂ ಇದ್ದಾರೆ.

ಈ ಆಟ ಹುಟ್ಟಿದ್ದು ಮನರಂಜನೆಗಾಗಿ ಅಲ್ಲ. ಪ್ರಶ್ಯ ದೇಶದ ರೈಸ್ವಿಟ್ಜ್ ಎಂಬ ತಂದೆ ರೂಪಿಸಿ ಮಗ ತಿದ್ದಿದ, 1824ರಲ್ಲಿ ನಿಯಮಾವಳಿಯಾಗಿ ಪ್ರಕಟವಾದ ಕ್ರೀಗ್‌ಸ್ಪೀಲ್, ಸೇನಾಧಿಕಾರಿಗಳಿಗೆ ಯುದ್ಧತಂತ್ರ ಕಲಿಸುವ ಸಾಧನವಾಗಿತ್ತು. ನಕಾಶೆಯ ಮೇಲೆ ಸರಿಸುವ ಪುಟ್ಟ ಬಿಲ್ಲೆಗಳೇ ಅಲ್ಲಿ ಪಡೆಗಳು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ ಮನೆತನದ ಆಟಿಕೆ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯುವ ವಿಧಾನವನ್ನು ರೂಢಿಗೆ ತಂದಾಗ ಆಟಿಕೆ ಸೈನಿಕರು ಅಗ್ಗವಾದರು; ಅಂಥ ಸೈನಿಕರನ್ನೇ ನೆಲದ ಮೇಲೆ ಹರಡಿ ಆಡುವ ನಿಯಮಗಳನ್ನು ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಬರೆದರು. ಇಂದಿನ ರೂಪಕ್ಕೆ ಮುಖ್ಯ ಕಾರಣ 1975ರಲ್ಲಿ ಸ್ಥಾಪನೆಯಾಗಿ ಈಗ ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿರುವ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ. ಅದು 1983ರಲ್ಲಿ ಹೊರತಂದ ವಾರ್‌ಹ್ಯಾಮರ್ ಮತ್ತು 1987ರ ವಾರ್‌ಹ್ಯಾಮರ್ 40,000 ಎಂಬ ಕಾಲ್ಪನಿಕ ಲೋಕಗಳ ಆಟಗಳಿಂದ ಬಣ್ಣಗಾರಿಕೆಯ ಹಲವು ಪದ್ಧತಿಗಳು ಜಗತ್ತಿನಾದ್ಯಂತ ಹರಡಿದವು.

ಹೊಸದಾಗಿ ತೊಡಗುವವರು ಮೊದಲು ಗ್ರಹಿಸಬೇಕಾದದ್ದು ಕುಂಚದ ಕೌಶಲವನ್ನಲ್ಲ, ಬೆಳಕಿನ ಸ್ವಭಾವವನ್ನು. ಸುಮಾರು 28 ಮಿಲಿಮೀಟರ್ ಎತ್ತರದ ಪ್ರತಿಮೆಯ ನಿಲುವಂಗಿಯಲ್ಲಿ ನೆರಿಗೆಯ ಆಳ ಅರ್ಧ ಮಿಲಿಮೀಟರೂ ಇರಲಾರದು. ನಿಜವಾದ ಮನುಷ್ಯನ ಉಡುಪಿನಲ್ಲಿ ಮಡಿಕೆಗಳ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪ್ರತಿಮೆಯ ಮೇಲೆ ಬೀಳುವ ಕೋಣೆಯ ಬೆಳಕು, ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ವಿಶಾಲವಾದ ಮೂಲದಿಂದ ಬರುವುದರಿಂದ, ಎಲ್ಲ ಬದಿಗಳನ್ನೂ ಆವರಿಸಿ ನೆರಳನ್ನು ಅಳಿಸಿಬಿಡುತ್ತದೆ, ಉಳಿದ ಅಲ್ಪ ನೆರಳನ್ನು ಒಂದು ಮಾರು ದೂರದಿಂದ ಕಣ್ಣು ಗುರುತಿಸಲಾರದು. ಆದ್ದರಿಂದ ಕೆಂಪು ಅಂಗಿಗೆ ಒಂದೇ ಕೆಂಪನ್ನು ಎಷ್ಟೇ ಅಚ್ಚುಕಟ್ಟಾಗಿ ಬಳಿದರೂ ಅದು ಚಪ್ಪಟೆಯಾದ ಆಟಿಕೆಯಂತೆಯೇ ತೋರುತ್ತದೆ. ಇಲ್ಲದ ನೆರಳನ್ನು ಕಡು ಬಣ್ಣದಿಂದ, ಇಲ್ಲದ ಹೊಳಪನ್ನು ತಿಳಿ ಬಣ್ಣದಿಂದ ಬರೆದು ತೋರಿಸುವುದೇ ಈ ಕಲೆಯ ಹೃದಯ. ರಾತ್ರಿಯ ಬಯಲಿನಲ್ಲಿ ದೂರ ಕುಳಿತವರಿಗೂ ಪಾತ್ರದ ಭಾವ ಮುಟ್ಟಲೆಂದು ಯಕ್ಷಗಾನದ ಬಣ್ಣದ ವೇಷದಲ್ಲಿ ಹುಬ್ಬು, ಕಣ್ಣು, ಕೆನ್ನೆಗಳ ಗೆರೆಗಳನ್ನು ಸಹಜತೆ ಮೀರಿ ಎತ್ತಿ ತೋರಿಸುವುದನ್ನು ಬಲ್ಲ ಓದುಗರಿಗೆ ಈ ಉತ್ಪ್ರೇಕ್ಷೆಯ ಅಗತ್ಯ ಹೊಸತೆನಿಸದು. ಶಿಲ್ಪಿಗಳೂ ಇದೇ ಕಾರಣಕ್ಕೆ ಪ್ರತಿಮೆಯ ತಲೆ, ಕೈ, ಆಯುಧಗಳನ್ನು ಪ್ರಮಾಣಕ್ಕಿಂತ ದೊಡ್ಡದಾಗಿಯೇ ಕೆತ್ತುತ್ತಾರೆ.

ಬಣ್ಣಕ್ಕೆ ಮೊದಲಿನ ಸಿದ್ಧತೆಯನ್ನು ಅವಸರದಲ್ಲಿ ಮುಗಿಸುವವರೇ ಹೆಚ್ಚು, ಮುಂದೆ ಅದಕ್ಕಾಗಿ ಪಶ್ಚಾತ್ತಾಪ ಪಡುವವರೂ ಅವರೇ. ಚೌಕಟ್ಟಿನಿಂದ ತುಂಡುಗಳನ್ನು ಚಿಕ್ಕ ಕತ್ತರಿಯಿಂದ ಬಿಡಿಸಿದ ಮೇಲೆ, ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಮೂಡಿದ ಸಣ್ಣ ಏಣನ್ನು ಚೂರಿಯ ಅಲಗಿನಿಂದ ಮೆಲ್ಲಗೆ ಹೆರೆದು ತೆಗೆಯಬೇಕು. ಬಣ್ಣ ಬಿದ್ದ ನಂತರ ಈ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ. ಅಂಟಿನ ಆಯ್ಕೆ ವಸ್ತುವನ್ನು ಅವಲಂಬಿಸುತ್ತದೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಬಳಸುವ ವಿಶೇಷ ಅಂಟು ಎರಡೂ ಮೇಲ್ಮೈಗಳನ್ನು ಕರಗಿಸಿ ಬೆಸೆಯುತ್ತದೆ. ಲೋಹ ಮತ್ತು ರೆಸಿನ್ ಎಂಬ ರಾಳದ ಪ್ರತಿಮೆಗಳು ಹೀಗೆ ಕರಗವು, ಅವುಗಳಿಗೆ ಸೂಪರ್ ಗ್ಲೂ ಬೇಕು. ರೆಸಿನ್ ತುಂಡುಗಳ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿರುವುದರಿಂದ ಸಾಬೂನಿನ ನೀರಿನಲ್ಲಿ ತೊಳೆಯುವುದು ಅವಶ್ಯ, ರೆಸಿನ್ ಅನ್ನು ಉಜ್ಜುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮಾಸ್ಕ್ ಧರಿಸಲೇಬೇಕು. ಹಳೆಯ ಸೀಸದ ಪ್ರತಿಮೆಗಳನ್ನು ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಅನಂತರದ ಹಂತ ಪ್ರೈಮರ್, ಅಂದರೆ ಮುಂದಿನ ಬಣ್ಣ ಹಿಡಿದು ನಿಲ್ಲುವಂತೆ ಮಾಡುವ ತಳಲೇಪ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ನೀರಿನ ಬಣ್ಣ ನೇರವಾಗಿ ನಿಲ್ಲದೆ ಜಾರುತ್ತದೆ, ಒಣಗಿದರೂ ಉಗುರು ತಾಗಿದರೆ ಕಿತ್ತುಬರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಮೂರ್ತಿಗಳಿಗೆ ಬಣ್ಣ ಹಚ್ಚುವ ಮುನ್ನ ತಳಪದರವನ್ನು ಸಿದ್ಧಪಡಿಸಿಕೊಳ್ಳುವ ಹಿಂದೆಯೂ ಇಂಥದೇ ತಿಳಿವು ಇದೆ. ಮಿನಿಯೇಚರ್‌ಗಳಿಗೆ ಇದನ್ನು ಸಾಮಾನ್ಯವಾಗಿ ಸ್ಪ್ರೇ ಡಬ್ಬಿಯಿಂದ ಸಿಂಪಡಿಸುತ್ತಾರೆ. ಮಳೆಗಾಲದ ತೇವ ಹೆಚ್ಚಿದ ದಿನಗಳಲ್ಲಿ ಸಿಂಪಡಿಸಿದರೆ ಮೇಲ್ಮೈ ಹಿಟ್ಟು ಉದುರಿಸಿದಂತೆ ಒರಟಾಗುವ ಅಪಾಯವಿರುವುದರಿಂದ, ಕರಾವಳಿ ಮಲೆನಾಡುಗಳಲ್ಲಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಕುಂಚದಿಂದ ಹಚ್ಚುವ ಪ್ರೈಮರ್ ಹೆಚ್ಚು ನಂಬಿಕೆಯದು. ಕಪ್ಪು ತಳದ ಮೇಲೆ ಬಿಳಿಯನ್ನು ನೆತ್ತಿಯ ಕಡೆಯಿಂದ ಮಾತ್ರ ಸಿಂಪಡಿಸುವ ಒಂದು ಉಪಾಯವಿದೆ. ಮಧ್ಯಾಹ್ನದ ಸೂರ್ಯನ ಬೆಳಕು ಎಲ್ಲೆಲ್ಲಿ ಬೀಳುವುದೆಂಬ ನಕ್ಷೆ ಇದರಿಂದ ಪ್ರತಿಮೆಯ ಮೈಮೇಲೆಯೇ ಮೂಡಿ, ಮುಂದಿನ ಕೆಲಸಕ್ಕೆಲ್ಲ ದಾರಿ ತೋರುತ್ತದೆ.

ಬಣ್ಣಗಳು ಅಕ್ರಿಲಿಕ್ ಜಾತಿಯವು: ಹಸಿಯಿದ್ದಾಗ ನೀರಿನಲ್ಲಿ ಬೆರೆಯುತ್ತವೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಸ್ಪೇನಿನ ವಯೆಹೊ, ಇಂಗ್ಲೆಂಡಿನ ಸಿಟಡೆಲ್ ಮೊದಲಾದವು ಪುಟ್ಟ ಸೀಸೆಗಳಲ್ಲಿ ದೊರೆಯುತ್ತವೆ, ಆರಂಭಕ್ಕೆ ಎಂಟು ಹತ್ತು ಬಣ್ಣಗಳು ಧಾರಾಳ ಸಾಕು. ಹೊಸಬರ ಅತಿ ಸಾಮಾನ್ಯ ತಪ್ಪೆಂದರೆ ಸೀಸೆಯಿಂದ ತೆಗೆದ ಗಟ್ಟಿ ಬಣ್ಣವನ್ನು ಹಾಗೆಯೇ ಬಳಿಯುವುದು. ಶಿಲ್ಪಿ ಶ್ರಮಿಸಿ ಕೆತ್ತಿದ ಮುಖದ ರೇಖೆಗಳು, ಗುಂಡಿಗಳು, ಕವಚದ ಕೀಲುಗಳು ಆ ದಪ್ಪ ಪದರದಡಿ ಶಾಶ್ವತವಾಗಿ ಹೂತುಹೋಗುತ್ತವೆ. ಹಾಲಿನಷ್ಟು ತೆಳುವಾಗುವಂತೆ ನೀರು ಬೆರೆಸಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಮತ್ತೊಂದನ್ನು ಹಚ್ಚುವುದು ಸರಿಯಾದ ಕ್ರಮ. ಮೊದಲ ಪದರದಲ್ಲಿ ತಳದ ಬಣ್ಣ ತೇಪೆತೇಪೆಯಾಗಿ ಇಣುಕುವುದನ್ನು ಕಂಡು ಎದೆಗುಂದಬೇಕಾಗಿಲ್ಲ, ಎರಡನೆಯದು ಅದನ್ನು ಮುಚ್ಚುತ್ತದೆ. ಬೆರೆಸಿದ ಬಣ್ಣ ನಮ್ಮ ಬೇಸಿಗೆಯಲ್ಲಿ ನಿಮಿಷಗಳಲ್ಲೇ ಒಣಗುವುದನ್ನು ತಡೆಯಲು, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬೇಕಿಂಗ್ ಕಾಗದ ಹರಡಿ, ಆ ಕಾಗದದ ಮೇಲೆ ಬಣ್ಣ ಕಲಸುವ ಪದ್ಧತಿ ಇದೆ. ಕೆಳಗಿನ ತೇವ ಕಾಗದದ ಮೂಲಕ ಸ್ವಲ್ಪ ಸ್ವಲ್ಪವಾಗಿ ಏರಿ ಬಣ್ಣವನ್ನು ಗಂಟೆಗಟ್ಟಲೆ ಹಸಿಯಾಗಿ ಇಡುತ್ತದೆ.

ಕುಂಚದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಸಣ್ಣ ಪ್ರತಿಮೆಗೆ ಅತಿ ಸಣ್ಣ ಕುಂಚವೇ ಬೇಕೆಂದು ಭಾವಿಸಿ ಮೂರು ಸೊನ್ನೆಯ ಗಾತ್ರದ್ದನ್ನು ಕೊಳ್ಳುವವರು, ಅದರ ನಾಲ್ಕಾರು ಎಳೆಗಳಲ್ಲಿರುವ ಬಣ್ಣ ಪ್ರತಿಮೆಯನ್ನು ಮುಟ್ಟುವ ಮೊದಲೇ ಒಣಗುವುದನ್ನು ಕಂಡು ಬೇಸರಗೊಳ್ಳುತ್ತಾರೆ. ಮುಖ್ಯವಾದದ್ದು ತುದಿಯ ಮೊನಚು. ಹೊಟ್ಟೆ ತುಂಬಿದ, ಆದರೆ ಸೂಜಿಯಂತೆ ಕೂಡುವ ತುದಿಯುಳ್ಳ ಒಂದನೇ ನಂಬರಿನ ಕುಂಚ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ, ಕಣ್ಣಿನ ಚುಕ್ಕೆಯನ್ನೂ ಇಡುತ್ತದೆ. ಸೈಬೀರಿಯದ ವೀಸಲ್ ಪ್ರಾಣಿಯ ಬಾಲದ ಕೂದಲಿನಿಂದಾದ ಕೊಲಿನ್‌ಸ್ಕಿ ಕುಂಚಗಳಿಗೆ ದೊಡ್ಡ ಹೆಸರಿದ್ದರೂ ಕಲಿಯುವ ದಿನಗಳಲ್ಲಿ ಒಳ್ಳೆಯ ಕೃತಕ ಎಳೆಯ ಕುಂಚ ಸಾಕು. ಎಳೆಗಳ ಬುಡದ ಲೋಹದ ಪಟ್ಟಿಯವರೆಗೆ ಬಣ್ಣ ಏರದಂತೆ ನೋಡಿಕೊಂಡರೆ ಅದು ಬಹುಕಾಲ ಬಾಳುತ್ತದೆ. ತುದಿಯನ್ನು ನಾಲಿಗೆಯಿಂದ ಚೂಪು ಮಾಡುವ ಅಭ್ಯಾಸ ಮಾತ್ರ ಬೇಡ.

ಮೂಲ ಬಣ್ಣಗಳು ಮುಗಿದಲ್ಲಿಂದ ಬೆಳಕಿನ ಕೆಲಸ ಶುರುವಾಗುತ್ತದೆ. ವಾಶ್ ಎಂಬುದು ಶಾಯಿಯಷ್ಟು ತೆಳುವಾದ ಕಡು ದ್ರವ. ಅದನ್ನು ಹರಿಸಿದಾಗ ಉಬ್ಬುಗಳಿಂದ ಇಳಿದು ಸಂದುಗಳಲ್ಲಿ ನಿಂತು, ನೆರಿಗೆಗೂ ಗಡ್ಡಕ್ಕೂ ಸರಪಳಿಕವಚಕ್ಕೂ ತಾನಾಗಿಯೇ ನೆರಳು ಕೊಡುತ್ತದೆ. ಇದಕ್ಕೆ ಪ್ರತಿಯಾದದ್ದು ಡ್ರೈ ಬ್ರಷ್: ತಿಳಿ ಬಣ್ಣ ತೆಗೆದುಕೊಂಡ ಕುಂಚವನ್ನು ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಸ್ಥಿತಿಯಲ್ಲಿ ಮೇಲ್ಮೈಯ ಮೇಲೆ ಹಗುರವಾಗಿ ಆಡಿಸಿದರೆ ಏಣುಗಳಷ್ಟೇ ಬಣ್ಣ ಹಿಡಿದು ಬೆಳಗುತ್ತವೆ. ತುಪ್ಪಳ, ಕೂದಲು, ಕಲ್ಲುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ; ನಯವಾದ ಬಟ್ಟೆಗೂ ಮುಖಕ್ಕೂ ಒಪ್ಪುವುದಿಲ್ಲ, ಅಲ್ಲಿ ಮೂಲ ಬಣ್ಣಕ್ಕಿಂತ ತುಸು ತಿಳಿಯಾದ ಬಣ್ಣವನ್ನು ಮೂಗಿನ ಏಣು, ಕೆನ್ನೆಯ ಮೂಳೆ, ಮಡಿಕೆಯ ಅಂಚುಗಳಿಗೆ ಕುಂಚದ ತುದಿಯಿಂದ ಎಳೆಯಬೇಕು. 2019ರಲ್ಲಿ ಬಂದ ಕಾಂಟ್ರಾಸ್ಟ್ ಎಂಬ ಬಣ್ಣಗಳು ತಿಳಿ ತಳದ ಮೇಲೆ ಒಂದೇ ಲೇಪದಲ್ಲಿ ಮೂಲ ಬಣ್ಣವನ್ನೂ ನೆರಳನ್ನೂ ಕೊಟ್ಟು ದೊಡ್ಡ ಸೈನ್ಯವನ್ನು ಬೇಗ ಮುಗಿಸಲು ನೆರವಾಗುತ್ತವೆ. ಆದರೆ ಕಲಿಕೆಯ ದೃಷ್ಟಿಯಿಂದ, ಕೆಲವು ಪ್ರತಿಮೆಗಳನ್ನಾದರೂ ಹಳೆಯ ಕ್ರಮದಲ್ಲಿ ಪದರ ಪದರವಾಗಿ ಕಟ್ಟಿದವರಿಗೇ ಬೆಳಕು ಎಲ್ಲಿ ನಿಲ್ಲುತ್ತದೆಂಬ ಅರಿವು ಕೈಗೆ ಹತ್ತುತ್ತದೆ.

ಕೊನೆಯಲ್ಲಿ ಪ್ರತಿಮೆ ನಿಂತ ಬಿಲ್ಲೆಗೆ ಫೆವಿಕಾಲ್ ಸವರಿ, ಜರಡಿ ಹಿಡಿದ ಮರಳನ್ನು ಉದುರಿಸಿ, ಒಣಗಿದ ಮೇಲೆ ಅದಕ್ಕೂ ವಾಶ್ ಮತ್ತು ಡ್ರೈ ಬ್ರಷ್ ಮಾಡಿದರೆ ಯೋಧ ಗಾಳಿಯಲ್ಲಿ ನಿಲ್ಲದೆ ನೆಲದ ಮೇಲೆ ಕಾಲೂರಿದಂತೆ ಕಾಣುತ್ತಾನೆ. ಆಟದಲ್ಲಿ ನೂರಾರು ಸಲ ಬೆರಳು ತಾಗುವುದರಿಂದ ಬಣ್ಣ ಸವೆಯದಂತೆ ಹೊಳಪಿಲ್ಲದ ವಾರ್ನಿಷ್ ಹಚ್ಚುವುದು ವಾಡಿಕೆ. ಹೊಳೆಯುವ ವಾರ್ನಿಷ್ ಕೋಣೆಯ ದೀಪವನ್ನು ಪ್ರತಿಫಲಿಸಿ, ಕಷ್ಟಪಟ್ಟು ಬರೆದ ಬೆಳಕನ್ನು ಕೆಡಿಸುತ್ತದೆ. ಫಲಿತಾಂಶ ತೀರ ಕೆಟ್ಟಿತೆನಿಸಿದರೆ ಪ್ಲಾಸ್ಟಿಕ್ ಪ್ರತಿಮೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಬಣ್ಣವನ್ನೆಲ್ಲ ತೆಗೆದು ಮತ್ತೆ ಆರಂಭಿಸಬಹುದು. ಆದರೂ ಮೊಟ್ಟಮೊದಲ ಪ್ರತಿಮೆಯನ್ನು ಹಾಗೆ ತೊಳೆಯದಿರುವುದು ಲೇಸು: ಹತ್ತನೆಯದನ್ನು ಮುಗಿಸಿದ ದಿನ ಅದರ ಪಕ್ಕದಲ್ಲಿ ಇಟ್ಟು ನೋಡಲು ಅದು ಬೇಕಾಗುತ್ತದೆ.