ಜೈಲಿನ ಶವರ್, ಹಂದಿಯ ತೊಟ್ಟಿ, ನಮ್ಮ ಹಂಡೆ

ಫ್ರಾನ್ಸಿನ ರೂಆಂ ನಗರದ ಜೈಲಿನಲ್ಲಿ ಮೆರ್ರಿ ಡೆಲಾಬೋಸ್ಟ್ ಎಂಬ ವೈದ್ಯನಿದ್ದ. ಕೈದಿಗಳ ಮೈಕೊಳೆ ತೊಳೆಸುವುದೇ ಅವನಿಗೊಂದು ತಲೆನೋವು. ಒಬ್ಬೊಬ್ಬರನ್ನೇ ತೊಟ್ಟಿಯಲ್ಲಿ ಕೂರಿಸಿದರೆ ನೀರೂ ಸಾಲದು, ಹೊತ್ತೂ ಸಾಲದು. 1872ರಲ್ಲಿ ಆತ ಉಗಿಯಿಂದ ಕಾಯಿಸಿದ ನೀರನ್ನು ಕೊಳವೆಯಲ್ಲಿ ಹರಿಸಿ ಮೇಲಿನಿಂದ ಸುರಿಸಿದ. ಸರತಿಗೆ ಎಂಟು ಜನ, ಐದು ನಿಮಿಷ, ತಲೆಗೆ 20 ಲೀಟರ್. ಜೈಲಿನಲ್ಲಿ ಗೆದ್ದದ್ದು ಮುಂದೆ ಸೇನೆಯ ಬ್ಯಾರಕ್ಕಿಗೂ ಹೋಯಿತು. ಅದಕ್ಕೂ ನೂರು ವರ್ಷ ಮೊದಲು, 1767ರಲ್ಲಿ, ಲಂಡನ್ನಿನ ವಿಲಿಯಂ ಫೀತಮ್ ಶವರಿಗೆ ಪೇಟೆಂಟ್ ಪಡೆದಿದ್ದನಾದರೂ ಅದರಲ್ಲಿ ಮೈಮೇಲೆ ಬಿದ್ದ ನೀರನ್ನೇ ಪಂಪ್ ಹೊಡೆದು ಮತ್ತೆ ತಲೆಗೆ ಸುರಿದುಕೊಳ್ಳಬೇಕಿತ್ತು. ಅದು ಯಾರಿಗೆ ರುಚಿಸೀತು!

ಇನ್ನು ಟಬ್ಬಿನ ಕತೆ ಕೇಳಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಮೈಕೆಲ್ ಕೋಲರ್ ಎಂಬವನು ರೈತರಿಗೆ ಎರಕದ ತೊಟ್ಟಿ ಮಾಡಿ ಮಾರುತ್ತಿದ್ದ. ಕುದುರೆ ನೀರು ಕುಡಿಯಲು ಅದೇ, ಕಡಿದ ಹಂದಿಯನ್ನು ಬಿಸಿನೀರಿಗೆ ಹಾಕಿ ರೋಮ ಕೆರೆಯಲೂ ಅದೇ. 1883ರಲ್ಲಿ ಆತ ಅದಕ್ಕೆ ಎನಾಮಲ್ ಹಚ್ಚಿ, ನಾಲ್ಕು ಕಾಲು ಕೂರಿಸಿದರೆ ಸ್ನಾನಕ್ಕೂ ಆಗುತ್ತದೆ ಎಂದು ಕ್ಯಾಟಲಾಗಿನಲ್ಲಿ ಹಾಕಿದ. ಮೊದಲ ಗಿರಾಕಿ ಒಂದು ಹಸು, ಹದಿನಾಲ್ಕು ಕೋಳಿ ಕೊಟ್ಟು ಒಯ್ದನಂತೆ. ಇದು ಕಂಪನಿಯೇ ಹೇಳಿಕೊಳ್ಳುವ ಕತೆ. ಹಂದಿಮಾಂಸದ ಪಂದಿಕರಿಯ ನಾಡಾದ ಕೊಡಗಿನ ನಮಗೆ ಈ ವಂಶಾವಳಿ ಕೇಳಿ ನಗು ಬಂದರೆ ತಪ್ಪಿಲ್ಲ.

ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಅಮ್ಮತ್ತಿಯ ಸುತ್ತಮುತ್ತ ಈಗ ಮನೆ ಕಟ್ಟುವವರಲ್ಲಿ ಟಬ್ಬೋ ಶವರೋ ಎಂಬ ಜಗಳ ಮಾಮೂಲಾಗಿದೆ. ಬೆಂಗಳೂರಿನಲ್ಲಿರುವ ಮಗನಿಗೆ ತಟ್ಟೆಯಗಲದ ರೈನ್ ಶವರ್ ಬೇಕು. ಮುಂದೊಂದು ದಿನ ಮನೆಯನ್ನು ಹೋಂಸ್ಟೇ ಮಾಡುವ ಲೆಕ್ಕವಿರುವವರಿಗೆ ಫೋಟೋದಲ್ಲಿ ಚೆಂದ ಕಾಣುವ ಟಬ್ ಬೇಕು. ಹಂಡೆಯ ಮಾತು ಅಜ್ಜಿ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮಲ್ಲಿ ಟಬ್ ಪರ ವಾದಿಸುವವರು ತೋರಿಸುವುದು ದೊರೆಗಳ ಬಂಗಲೆಯನ್ನು. ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯಲ್ಲಿ ಕಾಫಿ ತೋಟ ಶುರುಮಾಡಿದ್ದು 1854ರಲ್ಲಿ. ಆ ಕಾಲದ ಬಂಗಲೆಯಲ್ಲಿ ನಲ್ಲಿಯೂ ಇಲ್ಲ, ಪೈಪೂ ಇಲ್ಲ. ತಗಡಿನ ಟಬ್, ಅದರ ಪಕ್ಕ ತಣ್ಣೀರಿನ ಮಡಕೆ, ಅಷ್ಟೇ. ಬಚ್ಚಲಿಗೆ ಹೊರಗಿನಿಂದ ಒಂದು ಹಿಂಬಾಗಿಲು. ನೀರಿನ ಆಳು ಹಿತ್ತಲಿನಲ್ಲಿ ಸೌದೆ ಉರಿಸಿ ಕಾಯಿಸಿದ ನೀರನ್ನು ಡಬ್ಬಗಳಲ್ಲಿ ಹೊತ್ತು ಆ ಬಾಗಿಲಿನಿಂದ ಒಳಬಂದು, ಸುರಿದು, ದೊರೆಯ ಕಣ್ಣಿಗೆ ಬೀಳದೆ ಹೊರಟುಹೋಗಬೇಕು. ಮಿಂದ ನೀರನ್ನು ನೆಲಕ್ಕೆ ಚೆಲ್ಲಿದರೆ ಗೋಡೆಯ ಬುಡದ ತೂತಿನಿಂದ ಹೊರಗೆ. ಆ ತೂತಿನಲ್ಲಿ ಹಾವೂ ಬರುತ್ತಿತ್ತು. 1894ರ ‘ಜಂಗಲ್ ಬುಕ್’ನಲ್ಲಿ ಕಿಪ್ಲಿಂಗ್ ತನ್ನ ನಾಗರಹಾವನ್ನು ಬಂಗಲೆಯೊಳಕ್ಕೆ ಕರೆತಂದದ್ದು ಇಂಥದೇ ಬಚ್ಚಲ ಮೋರಿಯಿಂದ. ಆಮೇಲೆ ತಗಡು ಹೋಗಿ ಎನಾಮಲ್ ಬಂತು, ಪೈಪ್ ಬಂತು, ಗೀಸರ್ ಬಂತು. ಹಿಂಬಾಗಿಲಿನ ಆಳನ್ನು ಮಾತ್ರ ಟಬ್ಬಿನ ಚಿತ್ರದಿಂದ ಅಳಿಸಿಬಿಟ್ಟೆವು. ದೊರೆಯ ಟಬ್ಬನ್ನು ತುಂಬಿಸಿದ್ದು ಕೊನೆಗೂ ಹಿತ್ತಲಿನ ಒಲೆಯೇ ತಾನೇ?

ಕೊಡಗಿನ ಬಚ್ಚಲೊಲೆಗೂ ಕಾಫಿ ತೋಟಕ್ಕೂ ಒಳಗೊಳಗೇ ಲೇವಾದೇವಿಯಿದೆ. 1860ರ ದಶಕದಲ್ಲಿ ಕಾಂಡಕೊರಕ ಹುಳ ತೋಟಗಳನ್ನು ಹಾಳುಮಾಡಿದಾಗ ಮದ್ರಾಸ್ ಸರ್ಕಾರದ ಕಡೆಯಿಂದ ಡಾ. ಜಾರ್ಜ್ ಬಿಡಿ ಬಂದು ಪರಿಶೀಲಿಸಿದ; ಅವನ ವರದಿ 1869ರಲ್ಲಿ ಪ್ರಕಟವಾಯಿತು. ಹುಳ ಇಂದಿಗೂ ಹೋಗಿಲ್ಲ. ಅದು ಹೊಡೆದ ಅರೇಬಿಕಾ ಗಿಡವನ್ನು ಕಿತ್ತು ಸುಡಿ ಎಂದು ಕಾಫಿ ಮಂಡಳಿ ಈಗಲೂ ಹೇಳುತ್ತದೆ. ಹೇಗೂ ಸುಡಬೇಕಾದದ್ದನ್ನು ಹಂಡೆಯ ಕೆಳಗೆ ಸುಟ್ಟರೆ ಮನೆಮಂದಿಗೆಲ್ಲ ಬಿಸಿನೀರು. ಕಸಿ ಮಾಡಿದ ರೆಂಬೆ, ಮಳೆಗೆ ಮುರಿದುಬಿದ್ದ ಸಿಲ್ವರ್ ಓಕ್ ಎಲ್ಲವೂ ಅಲ್ಲಿಗೇ. ಮಳೆಗಾಲದಲ್ಲಿ ಆ ಒಲೆಯ ಮೇಲಿನ ಹಗ್ಗದಲ್ಲೇ ಶಾಲೆಯ ಸಮವಸ್ತ್ರ ಒಣಗಬೇಕು. ಬಾಣಂತಿಗೆ ನೀರೆರೆಯುವುದೂ ಅಲ್ಲೇ. ಸೊಂಟಕ್ಕೆ ಚೊಂಬಿನಿಂದ ಬೀಸಿ ಹೊಡೆಯುವ ಸುಡುನೀರಿನ ಕೆಲಸವನ್ನು ಯಾವ ರೈನ್ ಶವರೂ ಮಾಡಲಾರದು. ಕೊಡವ ಮದುವೆಯಲ್ಲಿ ಹೊಸ ಮದುಮಗಳು ಬಾವಿಗೆ ಗಂಗಾಪೂಜೆ ಮಾಡಿ ಕೊಡ ಹೊತ್ತು ಮನೆಯತ್ತ ಬರುವಾಗ ವಾಲಗಕ್ಕೆ ಕುಣಿಯುವವರು ದಾರಿಗಡ್ಡವಾಗಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ನೀರು ಹೊರುವ ಕಷ್ಟವನ್ನು ಮೊದಲ ದಿನವೇ ಕಲಿಸುತ್ತಿದ್ದ ಸೀಮೆ ಇದು.

ಈಗ ಲೆಕ್ಕ. ಟಬ್ ತುಂಬಲು ಸುಮಾರು 150 ಲೀಟರ್ ಬೇಕು. 25 ಲೀಟರಿನ ಗೀಸರ್ 60 ಡಿಗ್ರಿಗೆ ಕಾಯಿಸಿಕೊಡುವ ನೀರಿಗೆ ಜುಲೈ ತಿಂಗಳ 20 ಡಿಗ್ರಿಯ ತಣ್ಣೀರು ಬೆರೆಸಿದರೆ ಹದವಾದ ನೀರು ಸಿಗುವುದು 50 ಲೀಟರ್. ಅಂದರೆ ಮೂರು ಸಲ ಗೀಸರ್ ಕಾಯಬೇಕು, ಮೂರೂವರೆ ಯೂನಿಟ್ ಕರೆಂಟ್. ಮೂರನೆಯದು ಕಾಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಬಕೆಟ್ ಸ್ನಾನಕ್ಕೆ ಅರ್ಧ ಯೂನಿಟ್ ಸಾಕು.

ಶವರಿನ ಕಷ್ಟ ಬೇರೆ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಒಂದು ಬಾರ್ ಒತ್ತಡ. ಹೆಂಚಿನ ಮನೆಯ ಪಕ್ಕ ಸ್ಟ್ಯಾಂಡ್ ಹಾಕಿ ಇಟ್ಟ ಟ್ಯಾಂಕ್ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಹೆಚ್ಚು. ಆ ಒತ್ತಡಕ್ಕೆ ರೈನ್ ಶವರ್ ತೊಟ್ಟಿಕ್ಕುತ್ತದೆ, ಅಷ್ಟೇ. ಪ್ರೆಶರ್ ಪಂಪ್ ಹಾಕೋಣವೆಂದರೆ, ಲೈನಿನ ಮೇಲೆ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗುವ ಆಟಿ ಮಳೆಯಲ್ಲಿ ಪಂಪೂ ಇಲ್ಲ, ಗೀಸರೂ ಇಲ್ಲ. ಮೋಡ ಮುಸುಕಿದ ಆ ತಿಂಗಳುಗಳಲ್ಲಿ ಸೋಲಾರ್ ಕೂಡ ಕೈಕೊಡುತ್ತದೆ.

ಹಂಡೆಯ ಬಗ್ಗೆ ಬರೆಯುವ ಗಂಡಸರು ಮರೆಯುವ ಒಂದು ವಿಷಯವಿದೆ: ಆ ಹೊಗೆ ಕುಡಿದವರು, ಹುಣಸೆಹಣ್ಣು ಹಚ್ಚಿ ಮಸಿ ತಿಕ್ಕಿದವರು ಹೆಂಗಸರು. ಸ್ವಿಚ್ ಒತ್ತಿದರೆ ನೀರು ಕಾಯುವಾಗ ಅವರು ಹಂಡೆಗೆ ಬೆನ್ನು ತಿರುಗಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೊಗೆಗೆ ಮದ್ದು ಆಗಲೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಕಡಿಮೆ ಸೌದೆಯ, ಹೊಗೆ ಕೊಳವೆಯಿರುವ ಅಡುಗೆ ಒಲೆಯ ಜೊತೆಗೆ ಸ್ನಾನದ ನೀರಿನ ಒಲೆಯನ್ನೂ ರೂಪಿಸಿದರು. ನಾವು ಒಲೆಯನ್ನು ತಿದ್ದಲಿಲ್ಲ, ಹಂಡೆಯನ್ನೇ ಹೊರಹಾಕಿದೆವು. ಈಗ ಅದು ಹೋಂಸ್ಟೇ ಜಗಲಿಯಲ್ಲಿ ಪಾಲಿಶ್ ಹಾಕಿಸಿಕೊಂಡು ಹೂಕುಂಡವಾಗಿ ಕೂತಿದೆ. ಒಳಗೆ ಬಾತ್‌ರೂಮಿನಲ್ಲಿ ಅತಿಥಿ ತಣ್ಣೀರಿಗೆ ಕೈಯೊಡ್ಡಿ ಮ್ಯಾನೇಜರನಿಗೆ ಫೋನ್ ಮಾಡುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲಿ.

ಕೇಳಿದವರಿಗೆ ನಾನು ಹೇಳುವುದಿಷ್ಟು. ಟಬ್ ಬೇಡ, ಅದರ ಅಂಚು ದಾಟಿ ಕಾಲಿಡುವಾಗ ಮೊದಲು ಜಾರುವವರು ಮನೆಯ ಹಿರಿಯರು. ಸಣ್ಣ ಹ್ಯಾಂಡ್ ಶವರ್ ಇರಲಿ, ಅದರ ಕೆಳಗೆ ಬಕೆಟಿಗೆ ನಲ್ಲಿ, ಕೂರಲು ಕಲ್ಲು. ಹಿತ್ತಲಿನ ಕಡೆ ಹೊಗೆ ಕೊಳವೆಯಿರುವ ಒಂದು ಒಲೆ, ಅದರ ಮೇಲೆ ಹಂಡೆ. ಇದನ್ನು ಕೇಳಿ ಪರಿಚಯದ ಮನೆಯೊಂದರಲ್ಲಿ ಟಬ್ಬನ್ನು ಪ್ಲಾನಿನಿಂದ ಹೊಡೆದುಹಾಕಿದರು, ಹಿತ್ತಲಿಗೆ ಒಲೆ ಬಂತು. ಬೆಳಗ್ಗೆ ಐದಕ್ಕೆ ಎದ್ದು ಅದಕ್ಕೆ ಬೆಂಕಿ ಹಾಕುವವರು ಯಾರು ಎಂದು ಅತ್ತೆ, ಸೊಸೆ, ಮಗ ಮೂವರೂ ಇನ್ನೂ ಚರ್ಚೆಯಲ್ಲಿದ್ದಾರೆ. ನಾನಂತೂ ಮಗನ ಹೆಸರು ಸೂಚಿಸಿ ಬಂದಿದ್ದೇನೆ.